ವಾರಂಟ್ ಇದ್ದ ಸಾಕ್ಷಿ

ಹುಣಸೂರಿನ ಮುನ್ಸೀಫ್ ಕೋರ್ಟಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ನಗುವುದಕ್ಕೆ ನಾನು ಬೇರೆ ಕಡೆ ಹೋಗಬೇಕಾಗಿರಲಿಲ್ಲ. ಐವತ್ತರ ದಶಕದ ಮೊದಲ ವರ್ಷಗಳ ಮಾತು. ಕೊಡಗು ಆಗ ಬೇರೆ ರಾಜ್ಯ, ನಮ್ಮ ಕೋರ್ಟಿನ ವಾರಂಟು ಅಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿಂದ ಬಂದ ಒಬ್ಬರೇ ಸಾಕ್ಷಿ ನಮ್ಮನ್ನು ಮೂರು ಸಲ ನಗಿಸಿದರು.

೧. ಬಸ್ ಸ್ಟ್ಯಾಂಡು

ಜೋಡಿ ಎತ್ತು ವಾಪಸು ಕೊಡಬೇಕೆಂದು ನಮ್ಮ ಕೋರ್ಟು ಒಬ್ಬ ಗೌಡರ ಮೇಲೆ ಡಿಕ್ರಿ ಮಾಡಿತ್ತು. ಗೌಡರು ಎತ್ತು ಹೊಡೆದುಕೊಂಡು ಕೊಡಗಿಗೆ ಹೋಗಿಬಿಟ್ಟರು. ದಸ್ತಗಿರಿ ವಾರಂಟು ಅದನ್ನು ಜಾರಿ ಮಾಡಬೇಕಾದ ನಮ್ಮ ಕೋರ್ಟಿನ ಅಮೀನರ ಜೇಬಿನಲ್ಲೇ ಉಳಿಯಿತು. ಅಷ್ಟರಲ್ಲಿ ಹುಣಸೂರಿನ ಹತ್ತಿರದ ಕಟ್ಟೆಮಳಲವಾಡಿಯಲ್ಲಿದ್ದ ಮಗಳಿಗೆ ಗಂಡು ಮಗುವಾಯಿತು. ಮೊಮ್ಮಗನನ್ನು ನೋಡಬೇಕು, ಬಂದರೆ ಜೈಲು. ಅಳಿಯ ಬುದ್ಧಿವಂತ, ತನ್ನ ಬದುವಿನ ದಾವೆಯಲ್ಲಿ ಮಾವನನ್ನೇ ಸಾಕ್ಷಿಯಾಗಿ ಬರೆಸಿ ಸಮನ್ಸ್ ಕಳಿಸಿದ.

ಬಸ್ಸಿಳಿದ ಕೂಡಲೇ ಅಮೀನರು ಗೌಡರನ್ನು ಹಿಡಿದು ಮುನ್ಸೀಫರ ಮುಂದೆ ನಿಲ್ಲಿಸಿದರು. ಮುನ್ಸೀಫರು ಸಮನ್ಸ್ ನೋಡಿ, "ಸಾಕ್ಷಿಗೆ ಬರೋವಾಗ, ಇಲ್ಲಿರೋವಾಗ, ವಾಪಸು ಹೋಗೋವಾಗ ಇವರನ್ನ ಮುಟ್ಟೋ ಹಾಗಿಲ್ಲ, ಬಿಡಿ" ಎಂದರು.

"ವಾಪಸು ಹೋಗೋದು ಅಂದ್ರೆ ಎಷ್ಟೊತ್ತು ಸ್ವಾಮಿ?" ಅಮೀನರು ಕೇಳಿದರು.

ಗೌಡರೇ ಉತ್ತರ ಕೊಟ್ಟರು. "ಆ ಬಸ್ಸ ನಂಬ್ಕಂಡು ಎಂಗ್ ಏಳದು ಕಣ್ರೀ? ಪಿರಿಯಾಪಟ್ಟಣದಲ್ಲೇ ಎಲ್ಡು ದಿನ ನಿಂತ್ಕತದೆ."

೨. ಒದ್ದೆ ವಾರಂಟು

ಅಂದು ವಿಚಾರಣೆ ಮುಂದಕ್ಕೆ ಹೋಯಿತು. ಎರಡನೇ ವಾಯಿದೆಗೆ ಬಂದಾಗ ಅಮೀನರು, "ಮಗಳ ಮನೆ ಕೋರ್ಟಿನ ದಾರಿ ಅಲ್ಲ, ಆ ಕಡೆ ಹೊರಟರೆ ಹಿಡೀತೀನಿ" ಎಂದು ಬೆನ್ನು ಬಿಡಲಿಲ್ಲ. ಕೊನೆಗೆ ಮಗಳೇ ಕೂಸನ್ನು ಕೋರ್ಟಿನ ಅಂಗಳಕ್ಕೆ ತಂದಳು. ಗೌಡರು ಎತ್ತಿಕೊಂಡು ಅತ್ತೇಬಿಟ್ಟರು. ಮಗಳು ನೀರು ಕುಡಿಯಲು ಹೋಗಿದ್ದಾಗ ಜವಾನ ಗೌಡರ ಹೆಸರು ಕೂಗಿದ. ಅವರು ಕೂಸನ್ನು ಅಮೀನರ ಕೈಗಿಟ್ಟು ಒಳಗೆ ಓಡಿದರು.

ಸ್ವಲ್ಪ ಹೊತ್ತಿಗೆ ಅಮೀನರು ನನ್ನ ಮೇಜಿಗೆ ಬಂದರು. "ವಾರಂಟು ಒದ್ದೆಯಾಗಿದೆ, ಬೇರೆ ಬರ್ಕೊಡಿ."

"ಕಾರಣ ಏನೂಂತ ಬರೀಲಿ?"

"ಮಳೆ ಅಂತ ಬರೀರಿ."

ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು.

೩. ಸಾಕ್ಷಿ ಕಟಕಟೆ

ಹೆಸರು ಕೂಗಿಸಿದರೂ ಹೊತ್ತು ಸಾಲದೆ ಅವತ್ತೂ ಸಾಕ್ಷಿ ಆಗಲಿಲ್ಲ. ಮೂರನೇ ವಾಯಿದೆಗೆ ಗೌಡರು ಪ್ರಮಾಣ ಮಾಡಿ ನಿಂತರು. "ಬದು ಕಿತ್ತ ದಿನ ಎಲ್ಲಿದ್ದಿರಿ?" ಎಂದು ಎದುರು ವಕೀಲರು ಕೇಳಿದರು.

"ಕೊಡಗಲ್ಲಿ."

"ಹಾಗಾದರೆ ಬದು ಕಿತ್ತದ್ದನ್ನ ನೋಡಲಿಲ್ಲ?"

"ಎಂಗ್ ನೋಡ್ಲಿ ಸ್ವಾಮಿ? ಅವತ್ತು ಈ ಕಡೀಕೆ ಬಂದಿದ್ರೆ ಅಮೀನ್ರು ಬುಡ್ತಿದ್ರಾ?"

ಅಳಿಯ ತಲೆ ತಗ್ಗಿಸಿದ. ಮುನ್ಸೀಫರು ಪೆನ್ನು ಕೆಳಗಿಟ್ಟರು. "ಏನೂ ನೋಡದೆ ಸಾಕ್ಷಿಗೆ ಯಾಕೆ ಬಂದ್ರಿ?"

"ಮೊಮ್ಮಗೂನ ನೋಡ್ದೆನಲ್ಲ ಸ್ವಾಮಿ. ಅದ್ಕೆ ಬೇಕಾದ್ರೆ ಅಮೀನ್ರೇ ಸಾಕ್ಷಿ."

ಸಂಜೆ ಕೊಡಗಿನ ಬಸ್ಸಿನಲ್ಲಿ ಗೌಡರಿಗೆ ಟವಲ್ ಹಾಕಿ ಸೀಟು ಹಿಡಿದುಕೊಟ್ಟವರು ಅಮೀನರೇ.