ಗೇಟಿನಲ್ಲಿ ತಡೆದ ತಲೆ

ನೌಕರರ ತಲೆಯೊಳಗಿನ ಜ್ಞಾನವೂ ಬಂಡವಾಳವೇ ಎಂದು, ಹಲವು ದೇಶಗಳಲ್ಲಿ ನೀರಿನ ಪಂಪು ಮಾರುವ ನಮ್ಮ ಕಂಪನಿಯು ವಿಧಿವತ್ತಾಗಿ ತೀರ್ಮಾನಿಸಿತು. ಬಂಡವಾಳವೆಂದ ಮೇಲೆ ಅದು ಕಂಪನಿಯ ಸ್ವತ್ತು. ಸ್ವತ್ತನ್ನು ಸಂಜೆ ಗೇಟಿನಾಚೆ ಒಯ್ಯಬಾರದೆಂಬ ನಿಯಮ ಮೊದಲೇ ಇತ್ತು. ತಲೆಯನ್ನು ಬಿಟ್ಟು ಮನೆಗೆ ಹೋಗಲು ಆಗುವುದಿಲ್ಲವಾದ್ದರಿಂದ (ಇದನ್ನು ವೈದ್ಯರಲ್ಲಿ ವಿಚಾರಿಸಲಾಗಿತ್ತು), ತಲೆಯಲ್ಲಿ ಏನೂ ಇಲ್ಲದವರನ್ನು ಮಾತ್ರ ಹೊರಬಿಡತಕ್ಕದ್ದೆಂದು ಪ್ರಕಟಣೆ ಹೊರಟಿತು.

ಪರೀಕ್ಷಿಸುವ ಹೊಣೆ ಕಾವಲುಗಾರನದು. ಮೊದಲ ಸಂಜೆಯೇ ಎಂಜಿನಿಯರ್ ಓಡೋಡಿ ಬಂದ. ಮಗಳ ಶಾಲೆಯಲ್ಲಿ ನಾಟಕ. ಮಗಳದು ಮರದ ಪಾತ್ರ. ಮರಕ್ಕೆ ಮಾತಿರುವುದಿಲ್ಲ, ಆದರೂ ಅಪ್ಪ ನೋಡಬೇಕಲ್ಲ.

"ಪಂಪು ಯಾಕೆ ಸೋರುತ್ತೆ ಸಾರ್?"

"ವಾಷರ್ ಸವೆದಿರುತ್ತೆ."

"ಅಯ್ಯೋ, ಗೊತ್ತಿಲ್ಲ ಅನ್ನಬಾರದಿತ್ತಾ! ಈಗ ನೀವು ಸ್ವತ್ತು. ಒಳಗೆ ನಡೀರಿ."

"ಮಾರಾಯ, ಅಲ್ಲಿ ಮರ ಕಾಯ್ತಾ ಇದೆ!"

"ನಿಯಮ ಸಾರ್."

ಅಷ್ಟರಲ್ಲಿ ಅವನ ಹೆಂಡತಿ, ಎಲೆ ಅಂಟಿಸಿಕೊಂಡ ಮಗಳ ಕೈಹಿಡಿದು ಗೇಟಿಗೇ ಬಂದಳು.

"ಇವರ ತಲೇಲಿ ಬಂಡವಾಳವಾ? ಮನೇಲಿ ನಲ್ಲಿ ವರ್ಷದಿಂದ ತೊಟ್ಟಿಕ್ತಿದೆ. ಕೇಳಿದ್ರೆ, 'ನನಗೇನು ಗೊತ್ತು, ಪ್ಲಂಬರನ್ನ ಕರಿ' ಅಂತಾರೆ!"

ಕಾವಲುಗಾರ ಮ್ಯಾನೇಜರಿಗೆ ಫೋನ್ ಮಾಡಿದ. ಹೆಂಡತಿಯ ಮೌಲ್ಯಮಾಪನವು ದೀರ್ಘ ಅನುಭವದಿಂದ ಬಂದದ್ದೆಂದು ಮ್ಯಾನೇಜರ್ ಒಪ್ಪಿದರು. ಮರ ಹೊರಟಿತು, ಜೊತೆಗೆ ಅಪ್ಪನೂ.

ಇನ್ನು ಮುಂದೆ ಮನೆಯವರ ಮಾತೇ ಅಂತಿಮವೆಂದು ನಿಯಮ ತಿದ್ದಲಾಯಿತು. ಸಂಜೆಯಾದರೆ ಗೇಟಿನಲ್ಲಿ ಹೆಂಡತಿಯರು, ಗಂಡಂದಿರು, ಭಾವಮೈದುನರ ಸಾಲು. "ನಮ್ಮ ಭಾವನಿಗೆ ಕತ್ತೆ ಯಾವುದು ಕುದುರೆ ಯಾವುದು ತಿಳಿಯಲ್ಲ" ಎನ್ನುತ್ತಲೇ ಲೆಕ್ಕಪತ್ರ ವಿಭಾಗ ಖಾಲಿಯಾಯಿತು. ಬಂಡವಾಳ ಹೀಗೆ ಕರಗಿದರೂ ಲಾಭ ಕಿಂಚಿತ್ತೂ ಕುಗ್ಗಲಿಲ್ಲ. ಕೇಂದ್ರ ಕಚೇರಿ ಅಭಿನಂದಿಸಿ, ಉಳಿದ ದೇಶಗಳಿಗೂ ಇದೇ ಪದ್ಧತಿ ವಿಸ್ತರಿಸಿತು.

ಉಳಿದವರು ಮ್ಯಾನೇಜರ್ ಒಬ್ಬರೇ. ಮದುವೆಯಾಗಿಲ್ಲವಾದ್ದರಿಂದ ತಾಯಿ ಬಂದರು.

"ನನ್ನ ಮಗನಿಗೆ ಗೊತ್ತಿಲ್ಲದ್ದು ಏನಿದೆಯಪ್ಪಾ!"

"ಅಮ್ಮಾ, ನನಗೇನೂ ಗೊತ್ತಿಲ್ಲ ಅನ್ನು," ಮ್ಯಾನೇಜರ್ ಪಿಸುಗುಟ್ಟಿದರು.

"ನೋಡಿದ್ಯಾ, ಎಂಥ ವಿನಯ!"

ಹೆತ್ತವರಿಗೆ ಹೆಗ್ಗಣ ಮುದ್ದು. ಹಾಗಾಗಿ ಗೇಟು ಮುಚ್ಚಿತು. ಈಗ ಮ್ಯಾನೇಜರ್ ಕಂಪನಿಯ ಏಕೈಕ ಬಂಡವಾಳ. ಆಫೀಸಿನಲ್ಲೇ ಹಾಸಿಗೆ ಹಾಕಿಕೊಡಲಾಗಿದೆ. ತಾಯಿ ದಿನಾ ಊಟದ ಡಬ್ಬಿ ತರುತ್ತಾರೆ.

"ಇವತ್ತಾದರೂ ಏನಾದರೂ ಮರೆತಿದಾರಾ ಅಮ್ಮಾ?" ಕಾವಲುಗಾರ ಮರುಕದಿಂದ ಕೇಳುತ್ತಾನೆ.

"ಎಲ್ಲಿ ಬಂತು! ನಿನ್ನೆಗಿಂತ ಇನ್ನೂ ಚುರುಕಾಗಿದಾನೆ."