ತವರಿಗೆ ಖಾಲಿ ಹೋಗದ ಡಬ್ಬಿ

ಬೇರೆಯವರ ಮನೆಯಲ್ಲಿ ವರ್ಷಕ್ಕೊಂದು ತಮಾಷೆ ನಡೆದರೆ ದೊಡ್ಡದು. ನಮ್ಮ ಅಕ್ಕ ಇದ್ದಲ್ಲಿ ವಾರಕ್ಕೊಂದು ನಡೆಯುತ್ತಿತ್ತು. ಅವಳು ಹೋದ ಮೇಲೂ ನಿಂತಿಲ್ಲ. ಇಡೀ ಹರಿಹರ ತಾಲೂಕಿನಲ್ಲಿ ನನ್ನಷ್ಟು ಚುರುಕಿನ ಮನುಷ್ಯ ಇನ್ನೊಬ್ಬನಿಲ್ಲ ಎಂದು ಊರೆಲ್ಲ ಹೇಳುತ್ತದೆ. ಊರು ಹೇಳದಿದ್ದಾಗ ನಾನೇ ಹೇಳುತ್ತೇನೆ. ಅಂಥ ನನ್ನನ್ನು ಅಕ್ಕ ಜೀವಮಾನವಿಡೀ ಒಂದು ಸ್ಟೀಲ್ ಡಬ್ಬಿ ಹೊರುವ ಕೆಲಸಕ್ಕೆ ಇಟ್ಟುಕೊಂಡಿದ್ದಳು.

ಅಕ್ಕನ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಅವಳ ತವರು, ಅಂದರೆ ನನ್ನ ಮನೆ, ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ. ನನ್ನ ಹೆಂಡತಿ ಏನಾದರೂ ಮಾಡಿ ಡಬ್ಬಿ ತುಂಬಿಸಿ ಕಳಿಸುವಳು, ಅಕ್ಕ ಇನ್ನೇನೋ ತುಂಬಿಸಿ ವಾಪಸ್ ಕಳಿಸುವಳು. ತುಂಬಿ ಬಂದದ್ದು ಖಾಲಿ ಹೋಗುವ ಹಾಗಿಲ್ಲ. ಅಕ್ಕ ತೀರಿಕೊಂಡಾಗ ಡಬ್ಬಿ ಅವಳ ಮನೆಯಲ್ಲೇ ಉಳಿಯಿತು. ಹೊಸದು ತರೋಣ ಎಂದೆ. “ಡಬ್ಬಿಗೇನು, ಅಂಗಡ್ಯಾಗೆ ಬೇಕಾದಷ್ಟು ಸಿಗ್ತಾವೆ. ಅದು ತುಂಬಿ ಬರ್ಲಿಲ್ಲಂದ್ರೆ ಆ ಮನಿಗೂ ಈ ಮನಿಗೂ ಹೋಗ್ಬರೋ ಬಳಕೆ ಮುಗೀತು” ಅಂದಳು ನನ್ನ ಹೆಂಡತಿ. ನನ್ನ ಭಯವೂ ಅದೇ ಆಗಿತ್ತು. ಡಬ್ಬಿ ಬಂತೋ ಇಲ್ಲವೋ ಆಮೇಲೆ ಹೇಳುತ್ತೇನೆ. ಮೊದಲು ಅಕ್ಕನ ಪ್ರತಾಪ ಕೇಳಿ.

ಟವೆಲ್ಲೂ ಮೊಮ್ಮಗಳೂ

ಹರಿಹರದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನಾನು ಪೈಲ್ವಾನ. ಬಸ್ಸು ಇನ್ನೂ ಗೇಟಿನಲ್ಲಿರುವಾಗಲೇ ನನ್ನ ಟವೆಲ್ ಸೀಟಿನ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿರುತ್ತದೆ. ಅವತ್ತೂ ಎಸೆದೆ. ಅಕ್ಕನನ್ನೂ ಅವಳ ಎರಡು ವರ್ಷದ ಮೊಮ್ಮಗಳನ್ನೂ ಕರಕೊಂಡು ಹತ್ತಿದರೆ, ದಪ್ಪ ಮೀಸೆಯವನೊಬ್ಬ ಅದೇ ಟವೆಲನ್ನು ಮಡಿಸಿ ತಲೆದಿಂಬು ಮಾಡಿಕೊಂಡು ಒರಗಿದ್ದ. ಅಕ್ಕ ನನ್ನನ್ನು ಕೆಳಗಿಳಿಸಿದಳು.

ಮುಂದಿನ ಬಸ್ಸು ಬಂದು ನಿಂತಾಗ ಅಕ್ಕ ನನ್ನ ಟವೆಲ್ ಕೇಳಲಿಲ್ಲ. ಮೊಮ್ಮಗಳನ್ನೇ ಎತ್ತಿ ಕಿಟಕಿಯಿಂದ ಸೀಟಿನ ಮೇಲೆ ಕೂರಿಸಿಬಿಟ್ಟಳು. ಒಳಗಿದ್ದ ಒಬ್ಬ ರೇಗಿದ: “ಏನ್ ಯವ್ವಾ, ಕೂಸು ಇಟ್ಟು ಸೀಟು ಹಿಡೀತೀಯಲ್ಲ!”

“ಟವೆಲ್ಲಾದ್ರೆ ತೆಗೆದು ಒಗೀಬೌದಪ್ಪ. ಇದನ್ನ ಎತ್ತು ನೋಡಾಣ. ಎತ್ತಿದೋರೇ ದಾವಣಗೆರೆ ಮಟ ಎತ್ಕಂಡಿರ್ಬೇಕು. ಈಗಿನ್ನ ಹೊಟ್ಟಿ ತುಂಬ ಹಾಲು ಕುಡದೈತೆ.”

ಅವನು ಸರಿದು ನಿಂತ. ಪಕ್ಕದ ಸೀಟಿನವನು ಯಾರೂ ಕೇಳದೆಯೇ ಎದ್ದ.

ಟಿಕೆಟ್ ಇಲ್ಲದ ಹಿಟ್ಟು

ಒಂದು ಬೇಸಿಗೆ ಮಧ್ಯಾಹ್ನ ನಾನು ಸಾರಥಿಗೆ ಹೊರಟು ನಿಂತಾಗ ಅಕ್ಕನ ಮನೆಯ ಗ್ಯಾಸ್ ಖಾಲಿಯಾಗಿತ್ತು. ಅವಳ ಮಗ, “ಅವ್ವ, ಇವತ್ತೊಂದಿನ ಖಾಲಿ ಡಬ್ಬಿ ಹೋದ್ರೆ ಏನಾಗ್ತೈತೆ? ಮಾವ ಏನು ಹೊರಗಿನೋನಾ?” ಅಂದ.

“ನಿನಗೆ ಯಾವತ್ತಾದ್ರೂ ಖಾಲಿ ತಾಟು ಇಟ್ಟೀನೇನಲೇ?” ಅಂದಳು ಅಕ್ಕ. ಮಗ ಹೋಗಿ ಡಬ್ಬಿ ತೊಳೆದುಕೊಂಡು ಬಂದ.

ಮರುದಿನದ ದೋಸೆಗೆ ರುಬ್ಬಿಟ್ಟ ಹಿಟ್ಟಿತ್ತು. ಅದನ್ನೇ ಕಂಠಮಟ್ಟ ಸುರಿದು ಮುಚ್ಚಳ ಒತ್ತಿದಳು. “ಹುಷಾರು ತಮ್ಮ, ಬಿಸಿಲೈತೆ.” ನಾನು ಎದೆ ಉಬ್ಬಿಸಿ, “ಹೋರಿಗೇ ಹೆದರಿದೋನಲ್ಲ, ಹಿಟ್ಟಿಗೆ ಹೆದರ್ತೀನಾ?” ಅಂದೆ.

ಬಸ್ಸು ಊರು ದಾಟುವಷ್ಟರಲ್ಲಿ ನನ್ನ ಎದೆಗಿಂತ ಹಿಟ್ಟೇ ಜಾಸ್ತಿ ಉಬ್ಬಿತು. ಮುಚ್ಚಳ ಮೇಲೆದ್ದಿತು. ಎರಡೂ ಕೈಯಲ್ಲಿ ಒತ್ತಿದೆ, ಮೊಣಕಾಲಿಟ್ಟು ಒತ್ತಿದೆ. ಅದು ಸುತ್ತಲಿಂದಲೂ ಇಳಿದು, ನನ್ನ ಪಂಚೆ ದಾಟಿ, ಪಕ್ಕದ ಸೀಟಿನ ಮೇಲೆ ಆರಾಮಾಗಿ ಹರಡಿಕೊಂಡಿತು. ಕಂಡಕ್ಟರ್ ಬಂದು ನನ್ನನ್ನೂ ಸೀಟನ್ನೂ ನೋಡಿದ.

“ಯಜಮಾನ್ರೆ, ನಿಮ್ದು ಟಿಕೆಟ್ ಆತು. ಹಿಟ್ಟಿಂದು?”

ಡಾಕ್ಟರಿಗೆ ಏನಾತು?

ಅಕ್ಕನ ಗಂಡ, ನಮ್ಮ ಭಾವ, ಮಾತೇ ಆಡದ ಮನುಷ್ಯ. ಅವರ ಹಸಿವು, ಅವರ ಸಿಟ್ಟು ಎರಡನ್ನೂ ಅಕ್ಕನೇ ಹೇಳುತ್ತಿದ್ದಳು. “ಈಗ ಇವ್ರಿಗೆ ಸಿಟ್ಟು ಬಂದೈತೆ ನೋಡು” ಎಂದಾಗಲೇ ನಮಗೆ ಗೊತ್ತಾಗುತ್ತಿದ್ದದ್ದು. ಒಮ್ಮೊಮ್ಮೆ ಭಾವನಿಗೂ ಆಗಲೇ.

ಅಕ್ಕನಿಗೆ ಆರೋಗ್ಯ ಕೆಟ್ಟು ಆಸ್ಪತ್ರೆಗೆ ಸೇರಿಸಿದ್ದೆವು. ನನ್ನ ಹೆಂಡತಿ ಕೊಟ್ಟ ರೊಟ್ಟಿ, ಎಣ್ಣೆಗಾಯಿ ಡಬ್ಬಿಯಲ್ಲಿ ತಂದಿಟ್ಟು, ಭಾವನನ್ನು ಚಹಾಕ್ಕೆ ಕರಕೊಂಡು ಹೋದೆ. ವಾಪಸ್ ಬಂದರೆ ಎಳೇ ವಯಸ್ಸಿನ ಡಾಕ್ಟರಮ್ಮ ಅಕ್ಕನ ಮಂಚದ ಮೇಲಿದ್ದಾಳೆ! ಅಕ್ಕ ಪಕ್ಕದಲ್ಲಿ ನಿಂತು ಸೆರಗಿನಿಂದ ಗಾಳಿ ಹಾಕುತ್ತಿದ್ದಾಳೆ. ಭಾವನ ಮುಖ ಬಿಳುಚಿಕೊಂಡಿತು. ಯಾರ ಮುಂದೆಯೂ ಬಾಯಿ ಬಿಡದವರು ಅವತ್ತು ಗಾಬರಿಯಿಂದ ಕೇಳಿಯೇಬಿಟ್ಟರು:

“ಡಾಕ್ಟ್ರಿಗೆ ಏನಾತು?”

“ಹಸಿವು,” ಅಂದಳು ಅಕ್ಕ. “ಮುಂಜಾನಿಂದ ಏನೂ ತಿಂದಿಲ್ಲಂತೆ ಕೂಸು. ಎರಡು ರೊಟ್ಟಿ ಬರದೀನಿ. ಇಳೀಲಿಲ್ಲಂದ್ರೆ ಇನ್ನೊಂದು.”

ಭಾವನ ಉಪ್ಪಿಟ್ಟು

ಆಸ್ಪತ್ರೆಯಿಂದ ಮನೆಗೆ ಬಂದ ಸ್ವಲ್ಪ ದಿನಕ್ಕೆ ಅಕ್ಕ ಹೋದಳು. ಭಾವನ ಪರವಾಗಿ ಮಾತಾಡುವವರು ಇಲ್ಲವಾದರು. ಫೋನ್ ಮಾಡಿದರೆ “ಹ್ಞೂಂ” ಅನ್ನುವರು, ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡು ಕೂರುತ್ತಿದ್ದೆವು. ಒಮ್ಮೆ ಹೋದಾಗ ಡಬ್ಬಿ ತೊಳೆದು ಶೆಲ್ಫಿನಲ್ಲಿ ಇಟ್ಟಿತ್ತು. ಕೈ ಚಾಚಿದೆ. ಭಾವ ಅದರ ಮೇಲೆ ಕೈಯಿಟ್ಟರು. “ಬ್ಯಾಡ. ಖಾಲಿ ಐತೆ.” ಬರಿಗೈಯಲ್ಲಿ ಸಾರಥಿಗೆ ಬಂದೆ. ನನ್ನ ಹೆಂಡತಿ ನನ್ನ ಕೈ ನೋಡಿ ಒಳಗೆ ಹೋದಳು.

ಹೋದ ತಿಂಗಳು ಒಂದು ಭಾನುವಾರ ಭಾವ ಒಬ್ಬರೇ ಬಸ್ಸಿಳಿದು ಬಂದರು. ಕೈಚೀಲದಲ್ಲಿ ಡಬ್ಬಿ! ಅಷ್ಟು ಭಾರ ನಮ್ಮ ಡಬ್ಬಿ ಯಾವತ್ತೂ ಇರಲಿಲ್ಲ.

“ಉಪ್ಪಿಟ್ಟು. ನಾನೇ ಮಾಡೀನಿ.”

ಜೀವಮಾನದಲ್ಲಿ ಒಲೆ ಹಚ್ಚದವರು! ಮುಚ್ಚಳ ತೆಗೆದು ಚಮಚ ಹಾಕಿದೆ. ಚಮಚ ಬಾಗಿತು. ಡಬ್ಬಿ ಬೋರಲು ಹಾಕಿದೆವು, ಉಪ್ಪಿಟ್ಟು ಕದಲಲಿಲ್ಲ. ಪೈಲ್ವಾನನಾದ ನಾನು ತಳಕ್ಕೆ ಗುದ್ದಿದೆ; ನನ್ನ ಕೈ ಊದಿತು.

“ಭಾವ, ರವೆ ಎಷ್ಟು ಹಾಕಿದ್ರಿ?”

“ನೀರು ಕಾಣ್ತಿತ್ತು. ಕಾಣದಂಗಾಗೋ ಮಟ ಹಾಕ್ತಾ ಹೋದೆ.”

ನನ್ನ ಹೆಂಡತಿ ಈಳಿಗೆಮಣೆಯ ತುದಿಯಿಂದ ಒಂದು ಚೂರು ಎಬ್ಬಿಸಿ ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣಲ್ಲಿ ನೀರು.

“ಖಾರ ಆತೇನವ್ವ?”

“ಇಲ್ಲಣ್ಣಾರೆ. ಸರಿಯಾಗೈತೆ.”

ಭಾವನ ಮುಖ ಅರಳಿತು. “ಅಂಗಾರೆ ಲಗೂನ ಖಾಲಿ ಮಾಡಿ, ಏನಾರ ತುಂಬಿ ಕೊಡ್ರಿ. ಸಂಜಿ ಬಸ್ಸಿಗೆ ಹೋಗ್ಬೇಕು.”

“ಸಂಜಿ ಬಸ್ಸಾ? ಇದು ಖಾಲಿ ಆಗೋ ಮಟ ನೀವು ಎಲ್ಲಿಗೂ ಹೋಗಂಗಿಲ್ಲ!” ಅಂದಳು ನನ್ನ ಹೆಂಡತಿ.

ಭಾವ ಡಬ್ಬಿಯೊಳಗೆ ಬಗ್ಗಿ ನೋಡಿದರು. ಚೂರು ಹೋದ ಜಾಗ ಹುಡುಕಿದರು. ಆಮೇಲೆ ಚಪ್ಪಲಿ ಬಿಟ್ಟು, ಅಂಗಿ ಕಳಚಿ ಗೂಟಕ್ಕೆ ಹಾಕಿ, ಗೋಡೆಗೆ ಒರಗಿ ಕೂತು ಹೇಳಿದರು:

“ಮುಂದಿನ ಸಲ ಇದಕ್ಕಿಂತ ದೊಡ್ಡ ಡಬ್ಬಿ ಕೊಡವ್ವ.”