ಊಟ ಮಾಡಿಕೊಂಡೇ ಹೋಗಬೇಕು

ಎಲ್ಲಕ್ಕೂ ಮೂಲ ಒಂದು ರಸೀದಿ. ಅದೂ ಕೊಟ್ಟ ರಸೀದಿಯಲ್ಲ, ಬೇಡವೆಂದ ರಸೀದಿ.

ಮೌಂಟನ್ ವ್ಯೂನಲ್ಲಿ ಬಾಡಿಗೆ ಮನೆ ಹಿಡಿದಾಗ ಏಜೆಂಟ್ ಜಯರಾಮ್, "ಡೆಪಾಸಿಟ್ಟಿಗೆ ರಸೀದಿ ಬರೆದು ಕೊಡ್ಲಾ?" ಎಂದು ಬಾಯಿಬಿಟ್ಟು ಕೇಳಿದ್ದ. ನಗದು ಎಣಿಸಿ ಕೊಟ್ಟ ಉಡುಪಿಯ ಲೀಲಾಧರ ಮಂಗಳೂರಿನ ಜಯರಾಮನ ಕೈ ಹಿಡಿದುಕೊಂಡು, "ಛೆ ಛೆ, ನಮ್ಮೊಳಗೆ ಎಂತ ರಸೀದಿ ಮಾರಾಯ್ರೆ!" ಅಂದುಬಿಟ್ಟ. ದಾಕ್ಷಿಣ್ಯವೆನ್ನುವುದು ಲೀಲಾಧರನಿಗೆ ಸಕ್ಕರೆ ಕಾಯಿಲೆಯ ಹಾಗೆ ತಂದೆಯ ಕಡೆಯಿಂದ ಬಂದದ್ದು. ಹೆಂಡತಿ ಸೌದಾಮಿನಿ ವಿಚಾರಿಸಿದಾಗ, ರಸೀದಿ ಫೈಲಿನಲ್ಲಿ ಭದ್ರವಾಗಿದೆ ಎಂದು ಒಂದು ಸುಳ್ಳನ್ನೂ ಸೇರಿಸಿದ್ದ.

ಈಗ ಮಗಳು ಆಶ್ರಿತಾಳ ಶಾಲೆಗೋಸ್ಕರ ಕ್ಯುಪರ್ಟಿನೋಗೆ ಬಂದಾಗಿತ್ತು. ಹೊಸ ಮನೆಯ ಡೆಪಾಸಿಟ್ಟಿಗೆ ಸೌದಾಮಿನಿಯ ತಮ್ಮ ಅನುರಾಗನಿಂದ ಸಾಲ ತಂದದ್ದೂ ಆಗಿತ್ತು. ಹಳೆಯದು ಬಂದ ಕೂಡಲೇ ವಾಪಸು ಎಂಬ ಮಾತಿನ ಮೇಲೆ. ಆದರೆ ಹಳೆಯದು ಬರಲಿಲ್ಲ. ಹಳೇ ಮನೆಯ ಯಜಮಾನಿಯನ್ನು ಕೇಳಿದರೆ, "ಡೆಪಾಸಿಟ್ ಬೇರೆ ಖಾತೆಯಲ್ಲಿ ಇಟ್ಟಿರುತ್ತೇನೆ ಎಂದು ನಿಮ್ಮ ಏಜೆಂಟ್ ಹೇಳಿದ್ದ. ನಾನಂತೂ ಕಣ್ಣಲ್ಲಿ ನೋಡಿಲ್ಲ" ಎಂದು ಕೈತೊಳೆದುಕೊಂಡಳು. ಜಯರಾಮನಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಫ್ರೀವೇಯಲ್ಲಿದ್ದೇನೆ, ಆಮೇಲೆ ಮಾಡ್ತೇನೆ." ಎರಡು ತಿಂಗಳಿಂದ ಮನುಷ್ಯ ಫ್ರೀವೇಯಿಂದ ಇಳಿದೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಸೌದಾಮಿನಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರಾತ್ರಿ ಊಟಕ್ಕೆ ಅನುರಾಗ್ ಬರ್ತಾನೆ. ದುಡ್ಡು ಕೇಳಿದ್ರೆ ಮುಖ ಎಲ್ಲಿ ಇಟ್ಕೊಳ್ಳುದು? ಡ್ಯಾನ್‌ವಿಲ್‌ಗೆ, ಆ ಜಯರಾಮನ ಮನೆಗೇ ಹೋಗಿ ಎದುರು ಕೂತು ಕೇಳಿ. ರಸೀದಿ ತೋರಿಸಿ ಕೇಳಿ."

"ಹ್ಞಾಂ, ರಸೀದಿ," ಎಂದು ಲೀಲಾಧರ ಖಾಲಿ ಜೇಬು ಮುಟ್ಟಿಕೊಂಡ.

"ಅಪ್ಪಾ, ಜಸ್ಟ್ ಟೆಕ್ಸ್ಟ್ ಹಿಮ್!" ಎಂದಳು ಆಶ್ರಿತಾ, ಫೋನಿನಿಂದ ತಲೆಯೆತ್ತದೆ.

ಕಾರಿನಲ್ಲಿ ಲೀಲಾಧರ ಒಂದು ವಾಕ್ಯವನ್ನು ಗಟ್ಟಿಮಾಡಿಕೊಂಡ: "ಜಯರಾಮ್, ನನ್ನ ಡೆಪಾಸಿಟ್ ಇವತ್ತೇ ಬೇಕು." ಸ್ಯಾನ್ ರಮೋನ್ ಬರುವ ಹೊತ್ತಿಗೆ ಅದಕ್ಕೆ "ದಯವಿಟ್ಟು" ಸೇರಿಕೊಂಡಿತು. ಡ್ಯಾನ್‌ವಿಲ್ ಮುಟ್ಟುವಾಗ "ನಿಮಗೆ ತೊಂದರೆ ಇಲ್ಲದಿದ್ದರೆ" ಕೂಡ ಹತ್ತಿ ಕೂತಿತ್ತು.

ಜಯರಾಮನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಎಲ್ಲಕ್ಕಿಂತ ಮೇಲೆ ಕೆಂಪು ಹೂವಿನ ಒಂದು ಜೊತೆ ಅಂಗಾತ ಬಿದ್ದಿತ್ತು. ರೇಷ್ಮೆ ಪಂಚೆಯುಟ್ಟ ಜಯರಾಮ್ ಎರಡೂ ಕೈ ಚಾಚಿ ಬಂದ.

"ಬನ್ನಿ ಬನ್ನಿ ಲೀಲಾಧರಣ್ಣ! ಕರೀದೆ ಬಂದ್ರಲ್ಲ, ಅದಕ್ಕೇ ಹೇಳುದು ನಮ್ಮವರು ಅಂತ! ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮಾಡ್ಕೊಂಡೇ ಹೋಗ್ಬೇಕು."

ಲೀಲಾಧರನ ವಾಕ್ಯ ಗಂಟಲಲ್ಲೇ ಚಪ್ಪಲಿ ಬಿಟ್ಟು ಕೂತಿತು. ದೇವರ ಎದುರು ದುಡ್ಡಿನ ಮಾತೆತ್ತುವುದು ಹೇಗೆ? ಒಳಗೆ ತುಂಬ ಜನ. ಎಲ್ಲರೂ ಗಂಭೀರವಾಗಿ ಕೂತಿದ್ದರು. ಆಗಾಗ ಒಬ್ಬರು ಗಂಟಲು ಸರಿಮಾಡಿಕೊಳ್ಳುವರು, ಏನೋ ಹೇಳಹೊರಟು ನುಂಗಿಕೊಳ್ಳುವರು. ಎಂಥ ಭಕ್ತಿ ಅಂದುಕೊಂಡ ಲೀಲಾಧರ. ಮಂಗಳಾರತಿ ತಟ್ಟೆ ಬಂತು. ಅವನ ಜೇಬಿನಲ್ಲಿದ್ದದ್ದು ಗ್ರೋಸರಿಗೆಂದು ಸೌದಾಮಿನಿ ಕೊಟ್ಟ ನೂರು ಡಾಲರಿನ ಒಂದೇ ನೋಟು. ತಟ್ಟೆಯಿಂದ ಚಿಲ್ಲರೆ ಎತ್ತಿಕೊಳ್ಳಲು ನಾಚಿಕೆಯಾಯಿತು. ವಸೂಲಿಗೆ ಬಂದವನು ಹಾಗೆ ಕೈಯಿಂದಲೇ ಕೊಟ್ಟು ಕೂತ.

ಊಟಕ್ಕೆ ಗರಾಜಿನಲ್ಲಿ ಉದ್ದಕ್ಕೆ ಮೇಜು ಹಾಕಿದ್ದರು. ಲೀಲಾಧರನ ಪಕ್ಕ ಮಂಡ್ಯದ ಕಡೆಯ ಸುರೇಶ್, ಆಚೆಗೆ ಅವನ ಹೆಂಡತಿ ನಿಸರ್ಗಾ. ಹೋಳಿಗೆ ಮುರಿಯುತ್ತಿದ್ದ ಸುರೇಶ್ ಇದ್ದಕ್ಕಿದ್ದಂತೆ ಬಗ್ಗಿ ಕೇಳಿದ.

"ಸಾರ್, ತಪ್ಪು ತಿಳ್ಕೋಬೇಡಿ. ಈ ಜಯರಾಮ್ ಅವರು ಹೆಂಗೆ ಸಾರ್? ನಂಬಬೌದಾ?"

ಸಾಲಿನುದ್ದಕ್ಕೂ ಅಗಿಯುವುದು ನಿಂತಿತು. ಈಗ ಹೇಳಬಹುದಿತ್ತು. ಹೇಳಲೇಬೇಕೆಂದು ಲೀಲಾಧರ ಬಾಯಿ ತೆರೆದ. ಅಷ್ಟರಲ್ಲಿ ಬಲಗಡೆಯಿಂದ ಸ್ವತಃ ಜಯರಾಮ್ ಪಾಯಸದ ಪಾತ್ರೆ ಹಿಡಿದು ಬಂದ. "ಲೀಲಾಧರಣ್ಣನಿಗೆ ಇನ್ನೊಂದು ಸೌಟು. ನಾಚಿಕೆ ಮಾಡ್ಕೊಬಾರದು."

ಆ ಮನುಷ್ಯ ಬಡಿಸಿದ ಪಾಯಸ ಬಾಯಲ್ಲಿಟ್ಟುಕೊಂಡು ಆ ಮನುಷ್ಯನನ್ನೇ ದೂರುವುದೆ?

"ಚಿನ್ನದಂಥ ಜನ!" ಅಂದುಬಿಟ್ಟ ಲೀಲಾಧರ. ಹೇಳಿದ ಮೇಲೆ ತನ್ನ ಮೇಲೇ ಹೇಸಿಗೆಯಾಯಿತು. ಅದನ್ನು ಮುಚ್ಚಿಕೊಳ್ಳಲು ದನಿ ಏರಿಸಿದ. "ಇವರ ಹತ್ರ ದುಡ್ಡು ಇಟ್ರೆ ಬ್ಯಾಂಕಿನಲ್ಲಿ ಇಟ್ಟ ಹಾಗೆ. ನಾನು ರಸೀದಿ ಸಹ ತಕ್ಕೊಂಡಿಲ್ಲ, ಗೊತ್ತುಂಟಾ?"

ಅವನ ಕಿವಿ ಕಾದ ಕಾವಲಿಯಂತೆ ಸುಡುತ್ತಿತ್ತು. ಜಯರಾಮನ ಕಣ್ಣು ಮಾತ್ರ ಒದ್ದೆಯಾಯಿತು. ಪಾತ್ರೆ ಕೆಳಗಿಟ್ಟು ಅವನು ಎಲ್ಲರ ಕಡೆ ತಿರುಗಿದ.

"ಕೇಳಿದ್ರಲ್ಲ? ನಾನು ಇವತ್ತು ಸಂಜೆ ಫ್ಲೈಟಿಗೆ ಊರಿಗೆ ಹೊರಟಿದ್ದೇನೆ, ಅದಕ್ಕೇ ಈ ಪೂಜೆ. ನಾನು ಬರುವವರೆಗೆ ನಿಮ್ಮದು ಎಂತ ಇದ್ರೂ ಲೀಲಾಧರಣ್ಣ ನೋಡ್ಕೊಳ್ತಾರೆ. ಅಲ್ವಾ ಲೀಲಾಧರಣ್ಣ?"

ಗರಾಜಿನಲ್ಲಿದ್ದವರೆಲ್ಲ ಅವನನ್ನೇ ನೋಡಿದರು. ಇಲ್ಲವೆನ್ನುವ ಪದ ಲೀಲಾಧರನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. "ಅಯ್ಯೋ, ಅದಕ್ಕೇನಂತೆ," ಎಂದ.

ಚಪ್ಪಲಿ ಮೆಟ್ಟುವಾಗ ಸುರೇಶ್ ಬಂದು ವಿನಯದಿಂದ ಮನೆಯ ವಿಳಾಸ ಕೇಳಿದ. ತನ್ನ ಮಾತಿಗೆ ಇಷ್ಟು ಬೆಲೆ ಬಂದದ್ದು ನೋಡಿ ಲೀಲಾಧರ ಕ್ಷಣಕಾಲ ಉಬ್ಬಿ ವಿಳಾಸ ಕೊಟ್ಟ. ಜಯರಾಮ್ ಪ್ರಸಾದದ ಪೊಟ್ಟಣ ಕೈಗಿಟ್ಟಾಗ ಕಡೆಯ ಧೈರ್ಯ ಮಾಡಿ, "ಮತ್ತೆ ಯಾವಾಗ ಬರುದು?" ಎಂದ.

"ದೇವರು ನಡೆಸಿದ ಹಾಗೆ," ಎಂದು ಜಯರಾಮ್ ಕೈ ಮುಗಿದ.

ಡೆಪಾಸಿಟ್ ಇಲ್ಲ, ಗ್ರೋಸರಿಯ ನೋಟೂ ಇಲ್ಲ, ಕೈಯಲ್ಲಿ ಸಪಾದ ಭಕ್ಷ್ಯದ ಪೊಟ್ಟಣ. ಈ ಮುಖ ಹೊತ್ತು ಮನೆಗೆ ಹೋಗಲು ಲೀಲಾಧರನಿಗೆ ಕಾಲು ಬರಲಿಲ್ಲ. ಕ್ಯುಪರ್ಟಿನೋದ ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಹೆಂಡತಿಗೆ ಏನು ಹೇಳುವುದೆಂದು ಹೊತ್ತು ಮುಳುಗುವವರೆಗೂ ಯೋಚಿಸಿದ. ಕೊನೆಗೆ ನಿಜವನ್ನೇ ಹೇಳುವುದೆಂದು ತೀರ್ಮಾನಿಸಿದ. ಬೇರೇನೂ ಹೊಳೆಯಲಿಲ್ಲ.

ಅವನ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಎಲ್ಲಕ್ಕಿಂತ ಮೇಲೆ ಕೆಂಪು ಹೂವಿನ ಒಂದು ಜೊತೆ.

ಸೌದಾಮಿನಿ ಹೊರಗೆ ಬಂದು ಬಾಗಿಲೆಳೆದುಕೊಂಡಳು. ಅವಳು ಜೋರು ಮಾಡಿದ್ದರೆ ವಾಸಿಯಿತ್ತು. ತೀರ ಮೆಲ್ಲಗೆ ಮಾತಾಡಿದಳು.

"ಒಳಗೆ ಇರುವವರೆಲ್ಲ ಜಯರಾಮನ ಬಾಡಿಗೆಯವರಂತೆ. ಎಲ್ಲರ ಡೆಪಾಸಿಟ್ಟೂ ಅವನೇ ನುಂಗಿದ್ದಾನಂತೆ. ಇವತ್ತು ಊಟ ಆದ ಮೇಲೆ ಒಟ್ಟಿಗೆ ಕೇಳುದು ಅಂತ ಮಾತಾಡ್ಕೊಂಡು ಹೋಗಿದ್ರಂತೆ. ಅಷ್ಟರಲ್ಲಿ ನೀವು ಹೊಗಳಿದ್ರಂತೆ. ಈಗ ಎಲ್ಲ ನೀವು ನೋಡ್ಕೊಳ್ತೀರಂತೆ." ಬಾಗಿಲ ಹಿಡಿ ಬಿಡದೆಯೇ ಸೇರಿಸಿದಳು. "ಮತ್ತೆ ನೀವು ರಸೀದಿ ಸಹ ತಕ್ಕೊಂಡಿಲ್ಲವಂತೆ."

ಲೀಲಾಧರ ನೆಲ ನೋಡಿದ. "ನಮ್ಮದೂ ಅಲ್ಲೇ ಹೋಗಿದೆ ಅಂತ ನೀನು ಹೇಳ್ಲಿಲ್ವಾ?"

"ನನಗೆ ನಾಚಿಕೆ ಆಯ್ತು."

ಒಳಗೆ ಸೋಫಾ, ಕುರ್ಚಿ, ನೆಲ ಎಲ್ಲ ತುಂಬಿತ್ತು. ಮೂಲೆಯಲ್ಲಿ ಭಾವಮೈದ ಅನುರಾಗ್ ಕೂತು ಚಾವಣಿ ನೋಡುತ್ತಿದ್ದ. ಅವನೂ ಕೇಳಬೇಕಾದವನೇ. ನಿಸರ್ಗಾ ಗಂಡನನ್ನು ತಿವಿದಳು. ಸುರೇಶ್ ಗಂಟಲು ಸರಿಮಾಡಿಕೊಂಡ.

"ಸಾರ್, ಅದೇ, ನಮ್ಮ ಡೆಪಾಸಿಟ್ಟು..."

ನಾನೂ ನಿಮ್ಮ ಹಾಗೇ ಮೋಸ ಹೋದವನು. ಇಷ್ಟೇ ಹೇಳಬೇಕಿತ್ತು. ಲೀಲಾಧರ ಎಲ್ಲರ ಮುಖ ನೋಡಿದ, ಮಗಳ ಮುಖ ನೋಡಿದ, ಭಾವಮೈದನ ಮುಖ ನೋಡಲಾರದೆ ಹೋದ. ಬಾಯಿ ತೆರೆದಾಗ ಹೊರಬಂದ ದನಿ ಅವನದೇ ಆಗಿತ್ತು, ಮಾತು ಜಯರಾಮನದು. ಎರಡೂ ಕೈ ಕೂಡ ತಾವಾಗಿ ಚಾಚಿಕೊಂಡವು.

"ಬಂದದ್ದು ಒಳ್ಳೇದಾಯ್ತು ಮಾರಾಯ್ರೆ! ಎಲ್ಲರೂ ಊಟ ಮಾಡ್ಕೊಂಡೇ ಹೋಗ್ಬೇಕು."

ಸುರೇಶ್ ಉಳಿದ ಮಾತನ್ನು ನುಂಗಿಕೊಂಡ. "ಅಯ್ಯೋ, ಅದಕ್ಕೇನಂತೆ ಸಾರ್," ಎಂದು ಮೆಲ್ಲಗೆ ಕಾಲು ಮಡಚಿ ಕೂತ.